ಕಲ್ಲು ಆರಿಸುವಾಗ ಅಕ್ಕಿ ಚೆಲ್ಲಬೇಡಿ

ನಿಮ್ಮ ಮನೆಯ ಅಟ್ಟದ ಮೇಲೂ ಹಳೆಯ ಕ್ಯಾಸೆಟ್ಟುಗಳ ಡಬ್ಬವೊಂದು ಇದ್ದೀತು, ಅಲ್ಲವೇ? ಹೋದ ಶ್ರಾವಣದಲ್ಲಿ ಅಟ್ಟ ಗುಡಿಸುವಾಗ ನನಗೂ ಒಂದು ಸಿಕ್ಕಿತು. ಒಂದು ಕ್ಯಾಸೆಟ್ಟಿನ ಮೇಲೆ ಅಣ್ಣನ ಕೈಬರಹ: ‘ಅಮ್ಮನ ಹಾಡು, ಗೌರಿಹಬ್ಬ, 1989.’ ಅಮ್ಮ ಈಗಿಲ್ಲ. ಕೈ ನಡುಗಿತು.

ನಮ್ಮ ಹುಡುಗ ಎಲ್ಲಿಂದಲೋ ಟೇಪ್ ರೆಕಾರ್ಡರ್ ತಂದ. ಅದರ ಹೆಡ್ಡನ್ನು ಹತ್ತಿಯಿಂದ ಒರೆಸಿ, ಟೇಪನ್ನು ಒಮ್ಮೆ ಪೂರ್ತಿ ಹಿಂದೆ ಮುಂದೆ ಸುತ್ತಿ, ವೈರು ಹಾಕಿ ಲ್ಯಾಪ್‌ಟಾಪಿಗೆ ಇಳಿಸಿದ. ಹಾಡೇನೋ ಬಂತು; ಜೊತೆಗೆ ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ ‘ಸ್ಸ್’ ಅನ್ನೋ ಸದ್ದು. “ತಾನಾಗಿಯೇ ಶುದ್ಧ ಮಾಡುವ ಸಾಫ್ಟ್‌ವೇರ್ ಇದೆಯಮ್ಮ” ಅಂದ. ಗುಂಡಿ ಒತ್ತಿದ್ದೇ ತಡ, ಸದ್ದೆಲ್ಲ ಮಾಯ! ಅಮ್ಮ ಎದುರಿಗೇ ಕೂತು ಹಾಡಿದಂತಾಯಿತು.

ಎರಡನೆಯ ಹಾಡಿಗೆ ನನಗೇನೋ ಕಸಿವಿಸಿ. ಅಮ್ಮ ಖಾಲಿ ಮನೆಯಲ್ಲಿ ಒಬ್ಬಳೇ ಹಾಡಿದ ಹಾಗಿತ್ತು. ಆರತಿ ಎತ್ತುವಾಗಿನ ಬಳೆ ಸದ್ದಿಲ್ಲ. ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಾ ಪ್ರತಿ ಸಾಲಿನ ಕೊನೆಗೆ ಗುನುಗುತ್ತಿದ್ದ ಅಜ್ಜಿಯೂ ಇಲ್ಲ! ಅಜ್ಜಿಯ ದನಿ ಉಳಿದಿರುವುದು ಆ ಒಂದೇ ಕ್ಯಾಸೆಟ್ಟಿನಲ್ಲಿ. ಯಂತ್ರ ಅವಳನ್ನೂ ಕಸದ ಜೊತೆ ಗುಡಿಸಿಬಿಟ್ಟಿತ್ತು.

ಅದರದೂ ತಪ್ಪಿಲ್ಲ ಅನ್ನಿ. ಇಂಥ ಸಾಫ್ಟ್‌ವೇರುಗಳಲ್ಲಿ ಹಲವನ್ನು ಮುಖ್ಯವಾಗಿ ಮಾತನ್ನು ಸ್ಪಷ್ಟಗೊಳಿಸಲು ತಯಾರಿಸಿರುತ್ತಾರೆ. ಹತ್ತಿರದ ದನಿಯನ್ನು ಉಳಿಸಿ ಮಿಕ್ಕಿದ್ದನ್ನು ಗದ್ದಲವೆಂದು ಅಳಿಸುತ್ತವೆ. ಎಳೆದು ಹಾಡಿದ ಸ್ವರವೂ ಕೆಲವೊಮ್ಮೆ ಕೆಡುತ್ತದೆ.

ಪುಣ್ಯಕ್ಕೆ ಮೂಲಪ್ರತಿ ಅಳಿಸಿರಲಿಲ್ಲ. ಆಮೇಲೆ ‘ಅಡಾಸಿಟಿ’ಯಲ್ಲಿ ಮಾಡಿದೆವು. ಇದು 2000ದಿಂದಲೂ ಉಚಿತವಾಗಿ ಸಿಗುವ ಸಾಫ್ಟ್‌ವೇರ್. ಇದರ ‘ನಾಯ್ಸ್ ರಿಡಕ್ಷನ್’ನಲ್ಲಿ ಕಸ ಯಾವುದೆಂದು ನಾವೇ ತೋರಿಸಬೇಕು. ಯಾರೂ ಹಾಡದ, ಬರೀ ‘ಸ್ಸ್’ ಇರುವ ಒಂದೆರಡು ಸೆಕೆಂಡು ಆರಿಸಿ ‘ಗೆಟ್ ನಾಯ್ಸ್ ಪ್ರೊಫೈಲ್’ ಒತ್ತಬೇಕು. ಆಮೇಲೆ ಇಡೀ ಹಾಡನ್ನು ಆರಿಸಿ ಅದೇ ಸದ್ದನ್ನು ತಗ್ಗಿಸಬೇಕು. ನಾವು 6 ಡೆಸಿಬೆಲ್ ಇಟ್ಟೆವು. ಜಾಸ್ತಿ ಮಾಡಿದರೆ ದನಿ ನೀರೊಳಗಿಂದ ಬಂದ ಹಾಗೆ ಗುಳುಗುಳು ಅನ್ನುತ್ತದೆ. ಉಪ್ಪಿನ ಹಾಗೇ, ಕಡಿಮೆಯಾದರೆ ಆಮೇಲೆ ಹಾಕಬಹುದು.

ನೀವೂ ಈ ಕೆಲಸಕ್ಕೆ ಕೈ ಹಾಕುವುದಾದರೆ ಮೊದಲ ಪ್ರತಿಯನ್ನು ‘ವೇವ್’ ಕಡತವಾಗಿ ಎರಡು ಕಡೆ ಇಟ್ಟುಬಿಡಿ. ಏನೇ ತಿದ್ದಿದರೂ ಅದರ ನಕಲಿನಲ್ಲೇ ತಿದ್ದಿ. ಶುದ್ಧವಾದದ್ದನ್ನೂ ಹಳೆಯದನ್ನೂ ಹೆಡ್‌ಫೋನ್ ಹಾಕಿ ಒಂದಾದ ಮೇಲೊಂದು ಕೇಳಿ. ಮನೆಯ ಹಿರಿಯರಿಗೂ ಕೇಳಿಸಿ. ಯಾವುದು ಗದ್ದಲ, ಯಾವುದು ನಮ್ಮವರ ಸದ್ದು ಅನ್ನೋದು ಯಂತ್ರಕ್ಕಲ್ಲ, ಅವರಿಗೆ ಗೊತ್ತು.

ನಮ್ಮ ಹಾಡಿನಲ್ಲಿ ಈಗಲೂ ಸಣ್ಣಗೆ ‘ಸ್ಸ್’ ಇದೆ. ಇರಲಿ ಬಿಡಿ. ಅಣ್ಣನಿಗೆ ಫೋನಿನಲ್ಲಿ ಕೇಳಿಸಿದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, “ಅಜ್ಜಿ ಇದ್ದಾಳಲ್ಲೇ!” ಅಂದ.