ಸುಣ್ಣದ ಮೇಲಿನ ಅಕ್ಷರ

ವಿಜಯಪುರ

ಪ್ರೀತಿಯ ಅಕ್ಕಾ,

ಗೋಲಗುಂಬಜದ ಊರಿನಲ್ಲಿ ಬೀದಿಗೋಡೆಯ ಕಲೆ ಅಂತ ನೋಡುವುದಕ್ಕೆ ಏನಾದರೂ ಇದೆಯೇ ಎಂದು ಕೇಳಿದ್ದೆಯಲ್ಲ, ಅದಕ್ಕೆ ಉತ್ತರ ಸ್ವಲ್ಪ ಉದ್ದವಾಗುತ್ತದೆ. ದೆಹಲಿಯ ಲೋಧಿ ಕಾಲೊನಿಯಲ್ಲಿ ಇಡೀ ಕಟ್ಟಡದ ಮೈ ತುಂಬ ಬಿಡಿಸಿದ ಚಿತ್ರಗಳನ್ನೋ, 2015ರಲ್ಲಿ ಬಾದಲ್ ನಂಜುಂಡಸ್ವಾಮಿಯವರು ಬೆಂಗಳೂರಿನ ರಸ್ತೆಗುಂಡಿಯಲ್ಲಿ ತಂದಿಟ್ಟ ಮೊಸಳೆಯನ್ನೋ ಮನಸ್ಸಿನಲ್ಲಿಟ್ಟುಕೊಂಡು ಕೇಳಿದ್ದರೆ ನಿನಗೆ ನಿರಾಸೆಯಾದೀತು. ಚಿತ್ರಗಳಿಲ್ಲವೆಂದಲ್ಲ. ಆದರೆ ಈ ಊರಿನ ಗೋಡೆ ಹೆಚ್ಚು ಪ್ರೀತಿಸಿದ್ದು ಚಿತ್ರವನ್ನಲ್ಲ, ಅಕ್ಷರವನ್ನು. ನಾಲ್ಕು ನೂರು ವರ್ಷಗಳ ಹಿಂದೆ ಕಲ್ಲಿನಲ್ಲಿ ಬಿಡಿಸಿದ ಅಕ್ಷರಕ್ಕೂ, ಇವತ್ತು ತಿಕೋಟಾ, ಬಬಲೇಶ್ವರದ ದಾರಿಯಲ್ಲಿ ಸುಣ್ಣ ಬಳಿದ ಗೋಡೆಯ ಮೇಲೆ ಬ್ರಷ್ಷಿನಿಂದ ಬರೆಯುವ ಕನ್ನಡ ಅಕ್ಷರಕ್ಕೂ ಒಂದೇ ಕಣ್ಣಿನ ಗೌರವ ಸಲ್ಲಬೇಕು ಎನ್ನುವುದು ನನ್ನ ವಾದ.

ಇಬ್ರಾಹಿಂ ರೋಜಾದಿಂದ ಆರಂಭಿಸುತ್ತೇನೆ. ಎರಡನೆಯ ಇಬ್ರಾಹಿಂ ಆದಿಲಶಾಹನ ಈ ಗೋರಿ 1627ರ ಹೊತ್ತಿಗೆ ಮುಗಿಯಿತು. ಇಲ್ಲಿ ಬರಹ ಗೋಡೆಗೆ ಹಚ್ಚಿದ ಅಲಂಕಾರವಲ್ಲ, ಕಿಟಕಿಯೇ ಬರಹ. ಕಲ್ಲಿನ ಹಲಗೆಯಲ್ಲಿ ಅಕ್ಷರದ ಸುತ್ತಲಿನ ಜಾಗವನ್ನು ಕೊರೆದು ತೆಗೆದು, ಅಕ್ಷರಗಳನ್ನಷ್ಟೇ ಜಾಲರಿಯಾಗಿ ಉಳಿಸಿದ್ದಾರೆ. ಒಳಗೆ ನಿಂತವನಿಗೆ ಅಕ್ಷರ ಕಪ್ಪಾಗಿ, ಅದರ ಸಂದಿ ಬೆಳಕಾಗಿ ಕಾಣುತ್ತದೆ. ಕಟ್ಟಡದ ಹೊಣೆ ಹೊತ್ತ ಮಲಿಕ್ ಸಂದಲ್‌ನ ಹೆಸರೂ ಅಲ್ಲಿನ ಶಾಸನದಲ್ಲಿದೆ. ಜಾಮಿ ಮಸೀದಿಯ ಮಿಹ್ರಾಬಿಗೆ 1636ರಲ್ಲಿ ಮಾಡಿದ ಬಣ್ಣ ಮತ್ತು ಚಿನ್ನದ ಕೆಲಸದಲ್ಲಂತೂ ಬರಹದ ಜೊತೆಗೆ ಹೂದಾನಿಗಳಿವೆ, ಗೂಡಿನಲ್ಲಿ ಜೋಡಿಸಿಟ್ಟಂತೆ ಪುಸ್ತಕಗಳ ಚಿತ್ರಗಳಿವೆ. ಗೋಡೆಯ ಮೇಲೆ ಪುಸ್ತಕವನ್ನೇ ಬಿಡಿಸಿದ ಊರಿದು.

ಅರಮನೆಯ ಕಲೆಯನ್ನು ಗೊಬ್ಬರದಂಗಡಿಯ ಜಾಹೀರಾತಿನ ಪಕ್ಕದಲ್ಲಿಡುವುದು ಸರಿಯೇ ಎಂದು ನೀನು ಕೇಳುತ್ತೀ, ಗೊತ್ತು. ಒಂದಕ್ಕೆ ದೊರೆಯ ಖಜಾನೆ ಬೆನ್ನಿಗಿತ್ತು, ಇನ್ನೊಂದಕ್ಕೆ ದಿನದ ಕೂಲಿ. ಆದರೆ ಕೈಯ ಮುಂದಿರುವ ಸಮಸ್ಯೆ ಇಬ್ಬರಿಗೂ ಒಂದೇ: ಇಷ್ಟು ಅಗಲದ ಜಾಗದಲ್ಲಿ ಇಷ್ಟು ಅಕ್ಷರ ಕೂರಬೇಕು, ದೂರದಿಂದ ಬರುವವನಿಗೆ ಕಾಣಬೇಕು, ಅಕ್ಷರದ ಮೈಕಟ್ಟು ಕೆಡಬಾರದು. ಕನ್ನಡದಲ್ಲಿ ಇದು ಸುಲಭವಲ್ಲ. ನಮ್ಮ ಅಕ್ಷರಗಳು ಒಂದಕ್ಕೊಂದು ಕೈಹಿಡಿದು ಸಾಲಾಗಿ ಹರಿಯುವುದಿಲ್ಲ. ಬಹುಪಾಲು ತಲೆಕಟ್ಟು ಹೊತ್ತು ಒಂಟಿಯಾಗಿ ನಿಲ್ಲುತ್ತವೆ, ಮೇಲೆ ಗುಡಿಸು ಏರುತ್ತದೆ, ಕೆಳಗೆ ಒತ್ತಕ್ಷರ ಇಳಿಯುತ್ತದೆ. ತಿಕೋಟಾ, ಬಬಲೇಶ್ವರ ಎಂಬ ಹೆಸರುಗಳನ್ನೇ ತೆಗೆದುಕೋ. ‘ಬಬಲೇಶ್ವರ’ದಲ್ಲಿ ಐದಕ್ಕೈದೂ ಗುಂಡಗಿನ ಅಕ್ಷರ, ಅದರಲ್ಲೂ ಎರಡು ಬ ಅಕ್ಕಪಕ್ಕ. ನಾಲ್ಕನೆಯ ಅಕ್ಷರದ ಕೆಳಗೆ ವ-ಒತ್ತು ತೂಗುವುದರಿಂದ ಪದದ ಭಾರವೆಲ್ಲ ಬಲಕ್ಕೆ ವಾಲುತ್ತದೆ. ಬರೆಯುವವನು ಎಡಗಡೆಯ ಬಕಾರಗಳ ಹೊಟ್ಟೆಯನ್ನು ಕೊಂಚ ಹಿಗ್ಗಿಸಿ ಅದನ್ನು ಸರಿದೂಗಿಸಬೇಕು. ‘ತಿಕೋಟಾ’ದಲ್ಲಿ ಮೂರೇ ಅಕ್ಷರ, ಆದರೆ ಮೂರಕ್ಕೂ ಸ್ವರದ ಗುರುತು, ಕೋ ಅಕ್ಷರದ ದೀರ್ಘ ಹೆಚ್ಚು ಚಾಚಿದರೆ ಟಾ ಅಕ್ಷರಕ್ಕೆ ಜಾಗವೇ ಉಳಿಯುವುದಿಲ್ಲ. ಇನ್ನು ಈ ದ್ರಾಕ್ಷಿ ಸೀಮೆಯಲ್ಲಿ ಅಡಿಗಡಿಗೂ ಬೇಕಾಗುವ ‘ಒಣದ್ರಾಕ್ಷಿ’ ಎಂಬ ಪದ! ಅದರ ಕೊನೆಯ ಎರಡೂ ಅಕ್ಷರ ಕೆಳಕ್ಕೆ ಇಳಿಯುತ್ತವೆ. ಮುಂದಿನ ಸಾಲು ಅಲ್ಲಿ ತಗುಲದಂತೆ, ದಾರ ಹಿಡಿದು ಗೆರೆ ಹಾಕುವಾಗಲೇ ಲೆಕ್ಕ ಹಿಡಿದಿರಬೇಕು. ಅಂಗಡಿಯ ಶಟರ್ ಆದರೆ ತಗಡಿನ ಏರಿಳಿತದ ಮೇಲೆ ಬ್ರಷ್ ಜಿಗಿಯದಂತೆ ಆ ಸುತ್ತುಗಳನ್ನು ಎಳೆಯಬೇಕು. ಬಲಕ್ಕೂ ಕೆಳಕ್ಕೂ ನೆರಳು ಕೊಟ್ಟು ಅಕ್ಷರವನ್ನು ಗೋಡೆಯಿಂದ ಎಬ್ಬಿಸಿ ನಿಲ್ಲಿಸುವ ಆ ಕೈಗೆ ಜ್ಯಾಮಿತಿ ಚೆನ್ನಾಗಿ ಗೊತ್ತು. ಮಕ್ಕಳಿಗೆ ಚಿತ್ರಕಲೆ ಕಲಿಸುವ ನಿನಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ. ಗೋಡೆಯ ಮೇಲಿನ ಅಕ್ಷರವೆಲ್ಲ ಕಲೆಯಾದರೆ ಗೋಲಗುಂಬಜದ ಒಳಗೋಡೆಗೆ ಹೆಸರು ಕೊರೆದವರೂ ಕಲಾವಿದರೇ ಆದರಲ್ಲ? ಕೂಗಿದ ಹೆಸರನ್ನು ಮತ್ತೆ ಮತ್ತೆ ಹಿಂದಿರುಗಿಸುವ ಆ ಗುಮ್ಮಟದಲ್ಲಿ ಮೊಳೆ ಹಿಡಿದು ಗಾರೆ ಕೊರೆಯುವ ಮನಸ್ಸಾದರೂ ಹೇಗೆ ಬರುತ್ತದೋ. ರಕ್ಷಿತ ಸ್ಮಾರಕವನ್ನು ಹೀಗೆ ಕೆಡಿಸಿದರೆ, 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಎರಡು ವರ್ಷದವರೆಗೆ ಸೆರೆಮನೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಆದರೆ ಕಾನೂನನ್ನು ತೋರಿಸಿ ನುಣುಚಿಕೊಳ್ಳುವುದು ಉತ್ತರವಲ್ಲ. ಏಕೆಂದರೆ ಕೊರೆದ ಹೆಸರನ್ನು ನಾವು ಪೂಜ್ಯವಾಗಿ ಕಾಪಾಡಿದ್ದೂ ಇದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯಲ್ಲಿ ‘ಕವಿರತ್ನ’ ಎಂಬ ಬರಹವಿದೆ. ಅದು ರನ್ನನ ಸ್ವಂತ ಕೈಬರಹವೆಂದು ವಿದ್ವಾಂಸರು ಹೇಳುತ್ತಾ ಬಂದಿದ್ದಾರೆ. ರನ್ನನೋ, ಇಲ್ಲಿಂದ ಕೃಷ್ಣೆ ದಾಟಿದರೆ ಸಿಗುವ ಮುಧೋಳದವನು. ಅವನು ಕೊರೆದರೆ ಶಾಸನ, ಇವತ್ತಿನ ಹುಡುಗ ಕೊರೆದರೆ ಅಪರಾಧವೇ?

ವ್ಯತ್ಯಾಸ ಬರೆದವನ ದೊಡ್ಡಸ್ತಿಕೆಯಲ್ಲಿಲ್ಲ, ಅಕ್ಷರದ ಅಡಿಯಲ್ಲಿ ಮೊದಲು ಏನಿತ್ತು ಎನ್ನುವುದರಲ್ಲಿದೆ. ಚಿಕ್ಕಬೆಟ್ಟದ ಬರಿಬಂಡೆ ಯಾತ್ರಿಕರ ಹೆಸರಿಗೆಲ್ಲ ತೆರೆದ ಹಾಳೆಯಾಗಿತ್ತು. ರನ್ನ ಅಲ್ಲಿ ಯಾರದನ್ನೂ ಅಳಿಸಲಿಲ್ಲ, ಮುಂದೆ ಬರುವವನ ಜಾಗವನ್ನೂ ಕಸಿಯಲಿಲ್ಲ. ಗುಂಬಜದ ಗಾರೆ ಹಾಗಲ್ಲ. ಅದು ಮುಗಿದ ಕೆಲಸ, ಕೊರೆದಷ್ಟೂ ಕಡಿಮೆಯಾಗುತ್ತದೆ. ಈ ಅಳತೆಗೋಲು ಬಾದಶಹನಿಗೂ ಅನ್ವಯಿಸಬೇಕು. ಶೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಎರಕ ಹೊಯ್ದದ್ದು. ಅದರ ಬಾಯಿ ಆನೆಯನ್ನು ಜಗಿಯುತ್ತಿರುವ ಸಿಂಹದಂತಿದೆ, ಮೈಮೇಲೆ ಅದನ್ನು ಎರೆಸಿದವರ ಕಾಲದ ಬರಹವಿದೆ. 1686ರಲ್ಲಿ ಊರು ಗೆದ್ದ ಔರಂಗಜೇಬ ಅದೇ ತೋಪಿನ ಮೇಲೆ ತನ್ನ ಗೆಲುವಿನ ಸಾಲನ್ನೂ ಕೆತ್ತಿಸಿದ. ಇತಿಹಾಸಕಾರರಿಗೆ ಅದು ಬೆಲೆಯುಳ್ಳ ದಾಖಲೆ, ಒಪ್ಪುತ್ತೇನೆ. ಆದರೂ ಮತ್ತೊಬ್ಬರ ಕೆಲಸದ ಮೇಲೆ ‘ಇದು ನನ್ನದು’ ಎಂದು ಬರೆಯುವ ಆಸೆಯಲ್ಲಿ ಬಾದಶಹನಿಗೂ ಮೊಳೆ ಹಿಡಿದ ಹುಡುಗನಿಗೂ ನನಗೆ ಹೆಚ್ಚು ಅಂತರ ಕಾಣುವುದಿಲ್ಲ.

ಸುಣ್ಣದ ಮೇಲೆ ಬರೆಯುವವನು ಇವರಿಬ್ಬರಿಗಿಂತ ಬೇರೆ. ಅವನು ಮೊದಲು ಗೋಡೆಗೆ ಸುಣ್ಣ ಬಳಿಯುತ್ತಾನೆ, ಆಮೇಲೆ ಬರೆಯುತ್ತಾನೆ. ಮಳೆ ಬಿಸಿಲು ತಿಂದು ಬಣ್ಣ ಮಾಸಿದ ಮೇಲೆ ಮತ್ತೊಬ್ಬ ಬಂದು ಮತ್ತೆ ಸುಣ್ಣ ಬಳಿಯುತ್ತಾನೆ. ಗೋಡೆ ಸವೆಯುವುದಿಲ್ಲ, ಒಂದು ಪದರ ದಪ್ಪವಾಗುತ್ತದೆ. ಮನೆಯವರನ್ನು ಕೇಳದೆ ಬಳಿದರೆ ಅದು ದೌರ್ಜನ್ಯವೇ. ತೆರೆದ ಸ್ಥಳಗಳ ಅಂದ ಕೆಡಿಸುವುದನ್ನು ತಡೆಯಲು ರಾಜ್ಯ 1981ರಲ್ಲೇ ಕಾಯ್ದೆ ತಂದದ್ದು ಸುಮ್ಮನೆ ಅಲ್ಲ. ಸಿಮೆಂಟು, ಬೀಜ, ಹನಿ ನೀರಾವರಿಯ ಪೈಪು ಎಂದು ವ್ಯಾಪಾರದ ಮಾತೇ ಹೆಚ್ಚು ಎನ್ನುವುದೂ ನಿಜ. ಆದರೆ ಹತ್ತಿಪ್ಪತ್ತು ಮುಖಗಳನ್ನು ಒಂದರ ಮೇಲೊಂದು ಅಂಟಿಸಿ ರಾತ್ರೋರಾತ್ರಿ ಕಂಬಕ್ಕೆ ಕಟ್ಟುವ ಫ್ಲೆಕ್ಸಿನ ಪಕ್ಕದಲ್ಲಿಟ್ಟು ನೋಡು. ರಾಜ್ಯ ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ ಚೀಲದ ಜೊತೆ ಫ್ಲೆಕ್ಸನ್ನೂ ನಿಷೇಧಿಸಿತು, ಅದು ಹೋಗಿಲ್ಲ. ಫ್ಲೆಕ್ಸಿಗೆ ಬೀದರಿನಲ್ಲೂ ಚಾಮರಾಜನಗರದಲ್ಲೂ ಕಂಪ್ಯೂಟರಿನ ಅದೇ ನಾಲ್ಕು ಅಚ್ಚಕ್ಷರ. ಕೈಬರಹಕ್ಕಾದರೋ ಒಬ್ಬೊಬ್ಬನದೇ ಓರೆಕೋರೆ ಇದೆ, ಗೋಡೆಯ ಮೂಲೆಯಲ್ಲಿ ರುಜುವೂ ಇರುತ್ತದೆ. ರುಜು ಹಾಕಿದವನನ್ನು ಹಿಡಿದು ಕೇಳಬಹುದು.

ಗೋಡೆಯ ಅಕ್ಷರವನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ ಎಂದುಕೊಂಡರೆ 2024ರ ಫೆಬ್ರವರಿಯನ್ನು ನೆನೆ. ಸಮಾಜ ಕಲ್ಯಾಣ ಇಲಾಖೆಯ ವಸತಿ ಶಾಲೆಗಳಲ್ಲಿ, ಈ ಜಿಲ್ಲೆಯಲ್ಲೂ, ಕೈಮುಗಿದು ಒಳಗೆ ಬಾ ಎಂದು ಕರೆಯುತ್ತಿದ್ದ ಸಾಲನ್ನು ತಿದ್ದಿ ಧೈರ್ಯವಾಗಿ ಪ್ರಶ್ನಿಸಿ ಎಂದು ಬರೆದಾಗ ಜಗಳ ವಿಧಾನಸಭೆಯವರೆಗೂ ಹೋಯಿತು. ಕೈ ಮುಗಿಯಬೇಕೋ ಪ್ರಶ್ನೆ ಕೇಳಬೇಕೋ ಎಂಬ ಚರ್ಚೆ ಹಾಗಿರಲಿ. ಬಾಗಿಲ ಮೇಲಿನ ಒಂದು ಸಾಲನ್ನು ಇಡೀ ನಾಡು ನಿಂತು ಓದಿತಲ್ಲ, ಅದು ನನಗೆ ಮುಖ್ಯ.

ರಜೆಯಲ್ಲಿ ನೀನು ಬರುವುದಾದರೆ ಮಕ್ಕಳಿಗೆ ತೆಳ್ಳನೆಯ ಟ್ರೇಸಿಂಗ್ ಹಾಳೆ ಮತ್ತು ಪೆನ್ಸಿಲ್ ತಾ. ಮೊದಲು ಇಬ್ರಾಹಿಂ ರೋಜಾದ ಕಿಟಕಿಯನ್ನು ಒಳಗಿನಿಂದ ಬೆಳಕಿಗೆ ಎದುರಾಗಿ ತೋರಿಸಬೇಕು, ಅಲ್ಲಿ ಮುಟ್ಟುವಂತಿಲ್ಲ. ಆಮೇಲೆ ತಿಕೋಟಾದ ಕಡೆ ಹೊರಟರೆ, ಮನೆಯವರನ್ನು ಕೇಳಿ ಯಾವುದಾದರೂ ಗೋಡೆಗೆ ಹಾಳೆ ಹಚ್ಚಿ ‘ದ್ರಾಕ್ಷಿ’ಯ ಎರಡೂ ಒತ್ತು ಎಲ್ಲಿ ಇಳಿದಿವೆ ಎಂದು ಮಕ್ಕಳೇ ಗುರುತು ಮಾಡಿಕೊಳ್ಳಲಿ.

ನಿನ್ನ ತಮ್ಮ