ಚಂದ್ರನ ಮೇಲೊಂದು ಗಿಟಾರು, ನಮ್ಮಪ್ಪನ ಕಿವಿಗೊಂದು ರಾಗ

ಸ್ಕಾಟ್ಲೆಂಡಿನಲ್ಲೇ ಅತಿ ಕೊಳಕಾದ ಕಕ್ಕಸು. ಕೈಜಾರಿದ ಮಾದಕ ಗುಳಿಗೆಗಾಗಿ ಹೀರೋ ಮಹಾಶಯ ಅದರೊಳಕ್ಕೆ ಮೊದಲು ಕೈ ಹಾಕುತ್ತಾನೆ, ಆಮೇಲೆ ತಲೆ, ಆಮೇಲೆ ಇಡೀ ದೇಹ! ನಾವಿಲ್ಲಿ ಮೂಗು ಮುಚ್ಚಿಕೊಂಡು ಕೂತಿದ್ದರೆ ಅಲ್ಲಿ ಒಳಗೆ ಕಾಣುವುದೇನು? ತಿಳಿನೀಲಿ ನೀರು. ಹುಡುಗ ಮೀನಿನ ಹಾಗೆ ಈಜುತ್ತಿದ್ದಾನೆ. ಹಿನ್ನೆಲೆಯಲ್ಲಿ ಅವಸರವೇ ಇಲ್ಲದ, ತೊಟ್ಟಿಲು ತೂಗಿದಂಥ ಒಂದು ವಾದ್ಯಸಂಗೀತ...

1996ರ ‘ಟ್ರೈನ್‌ಸ್ಪಾಟಿಂಗ್’ ನೋಡಿದವರು ಈ ದೃಶ್ಯ ಮರೆಯುವುದುಂಟೇ? ನಿರ್ದೇಶಕ ಡ್ಯಾನಿ ಬಾಯ್ಲ್ ಅಲ್ಲಿ ಢಂ ಢಂ ಅಂತ ಬಾರಿಸಿದ್ದರೆ ಅದೊಂದು ಅಸಹ್ಯದ ಸೀನಾಗಿ ಮುಗಿದುಹೋಗುತ್ತಿತ್ತು. ಆ ರಾಗ ಬಂದದ್ದರಿಂದ ಅದು ಕನಸಾಯಿತು. ಅದರ ಹೆಸರು ‘ಡೀಪ್ ಬ್ಲೂ ಡೇ’. ವಿಚಿತ್ರ ನೋಡಿ, ಕಕ್ಕಸಿಗೆ ಹೊಂದಿಕೊಂಡ ಆ ರಾಗ ಹುಟ್ಟಿದ್ದು ಚಂದ್ರಲೋಕಕ್ಕೆ! 1983ರಲ್ಲಿ ಬಂದ ‘ಅಪೋಲೋ: ಅಟ್ಮಾಸ್ಫಿಯರ್ಸ್ ಅಂಡ್ ಸೌಂಡ್‌ಟ್ರ್ಯಾಕ್ಸ್’ ಎಂಬ ರೆಕಾರ್ಡಿನ ಹನ್ನೆರಡು ತುಣುಕುಗಳಲ್ಲಿ ಇದು ಒಂಬತ್ತನೆಯದು.

ಈ ರೆಕಾರ್ಡು ನನಗೆ ಸಿಕ್ಕಿದ್ದೂ ಸಿನಿಮಾ ದಾರಿಯಲ್ಲೇ. ಸ್ಟೀವನ್ ಸೋಡರ್‌ಬರ್ಗ್ ಅವರ ‘ಟ್ರಾಫಿಕ್’ (2000) ಡಿವಿಡಿಯನ್ನು ಮೆಜೆಸ್ಟಿಕ್ಕಿನಲ್ಲಿ ಕೊಂಡು ತಂದಿದ್ದೆ. ಎರಡೂವರೆ ಗಂಟೆ ಗಾಂಜಾ, ಗುಂಡು, ಮೋಸ, ಲಂಚ ಎಲ್ಲ ಮುಗಿದ ಮೇಲೆ ಕಡೆಯ ದೃಶ್ಯ. ರಾತ್ರಿ ಹೊತ್ತು. ಮೈದಾನದಲ್ಲಿ ದೀಪ ಹತ್ತಿದೆ, ಮಕ್ಕಳು ಬೇಸ್‌ಬಾಲ್ ಆಡುತ್ತಿದ್ದಾರೆ, ಪೊಲೀಸ್ ಪಾತ್ರದ ಬೆನಿಸಿಯೋ ಡೆಲ್ ಟೋರೋ ಸುಮ್ಮನೆ ಕೂತು ನೋಡುತ್ತಾನೆ. ಅಷ್ಟೇ ಸ್ವಾಮೀ! ಮಾತಿಲ್ಲ, ಕತೆಯಿಲ್ಲ. ಒಂದು ಸ್ವರ ಮಂಜಿನ ಹಾಗೆ ಏಳುತ್ತೆ, ಕರಗುತ್ತೆ, ಇನ್ನೊಂದು ಏಳುತ್ತೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಯಾಕೆ ಅಂತ ಗೊತ್ತಿಲ್ಲ. ಟೈಟಲ್ ಕಾರ್ಡನ್ನು ಮೂರು ಸಲ ಹಿಂದಕ್ಕೆ ಓಡಿಸಿ ಹೆಸರು ಓದಿಕೊಂಡೆ: ‘ಆನ್ ಎಂಡಿಂಗ್ (ಅಸೆಂಟ್)’, ಬ್ರಯಾನ್ ಈನೋ. ಅದೇ ರಾಗವನ್ನು ಡ್ಯಾನಿ ಬಾಯ್ಲ್ 2002ರಲ್ಲಿ ‘28 ಡೇಸ್ ಲೇಟರ್’ ಎಂಬ ಭಯಾನಕ ಚಿತ್ರಕ್ಕೂ ಹಾಕಿಕೊಂಡ. ಒಂದೇ ರಾಗ ಕಳ್ಳಸಾಗಣೆಯ ಚಿತ್ರಕ್ಕೂ ಸರಿ, ರೋಗ ಹರಡುವ ಚಿತ್ರಕ್ಕೂ ಸರಿ!

ಯಾರೀ ಈನೋ? ಹೊಟ್ಟೆನೋವಿಗೆ ಕುಡಿಯುವ ಪುಡಿಯಲ್ಲ, ನಗಬೇಡಿ. 1948ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದಾತ. ಓದಿದ್ದು ಚಿತ್ರಕಲೆ. ಎಪ್ಪತ್ತರ ದಶಕದ ಮೊದಲಲ್ಲಿ ‘ರಾಕ್ಸಿ ಮ್ಯೂಸಿಕ್’ ತಂಡದಲ್ಲಿ ಬಣ್ಣಬಣ್ಣದ ಉಡುಪು ತೊಟ್ಟು ಸಿಂಥಸೈಸರ್ ತಿರುಗಿಸುತ್ತಿದ್ದ. ತಾನು ಸಂಗೀತಗಾರನೇ ಅಲ್ಲ ಎಂದು ತಾನೇ ಹೇಳಿಕೊಳ್ಳುವ ಭೂಪ. ಡೇವಿಡ್ ಬೋವಿಯ ಜೊತೆ ಕೆಲಸ ಮಾಡಿದ, ‘ಯು2’ ತಂಡದ ರೆಕಾರ್ಡುಗಳನ್ನು ತಯಾರಿಸಿದ. ಇಷ್ಟೂ ಬೇಡ, ‘ವಿಂಡೋಸ್ 95’ ಕಂಪ್ಯೂಟರ್ ಆನ್ ಮಾಡಿದೊಡನೆ ಕೆಲವೇ ಸೆಕೆಂಡು ಕೇಳುತ್ತಿದ್ದ ಆ ನಾದ ನೆನಪಿದೆಯೇ? ಅದೂ ಈತನದೇ!

ಇಂಥ ತಣ್ಣನೆಯ ಸಂಗೀತ ಈತನ ತಲೆಗೆ ಹೊಳೆದ ಪ್ರಸಂಗ ಥೇಟ್ ಸಿನಿಮಾದಂತಿದೆ. 1975ರ ಜನವರಿಯಲ್ಲಿ ರಸ್ತೆ ಅಪಘಾತವಾಗಿ ಹಾಸಿಗೆ ಹಿಡಿದಿದ್ದ. ನೋಡಲು ಬಂದ ಗೆಳತಿ ಹದಿನೆಂಟನೇ ಶತಮಾನದ ಹಾರ್ಪ್ ಸಂಗೀತದ ರೆಕಾರ್ಡೊಂದನ್ನು ಕೊಟ್ಟು ಹೋದಳು. ಕಷ್ಟಪಟ್ಟು ಎದ್ದು ರೆಕಾರ್ಡು ಹಾಕಿ ಬಂದು ಮಲಗಿದ. ಆಮೇಲೆ ನೋಡಿದರೆ ವಾಲ್ಯೂಮ್ ತೀರಾ ಕಮ್ಮಿ, ಎರಡು ಸ್ಪೀಕರಿನಲ್ಲಿ ಒಂದು ಕೆಟ್ಟಿದೆ, ಹೊರಗೆ ಮಳೆ. ಮತ್ತೆ ಏಳಲು ಮೈಯಲ್ಲಿ ಶಕ್ತಿಯಿಲ್ಲ. ಮಳೆಯ ಸದ್ದಿನ ನಡುವೆ ಅಲ್ಲೊಂದು ಇಲ್ಲೊಂದು ಸ್ವರ ಮಾತ್ರ ಕೇಳುತ್ತಾ ಮಲಗಿದ್ದಾಗ ಅವನಿಗನ್ನಿಸಿತು: ಸಂಗೀತ ಹೀಗೂ ಇರಬಹುದಲ್ಲ! ಕೋಣೆಯ ಬೆಳಕಿನ ಹಾಗೆ, ಮಳೆಯ ಸದ್ದಿನ ಹಾಗೆ. ಆ ವರ್ಷವೇ ‘ಡಿಸ್ಕ್ರೀಟ್ ಮ್ಯೂಸಿಕ್’ ಎಂಬ ರೆಕಾರ್ಡು ಬಂತು. ಆಮೇಲೆ ವಿಮಾನ ನಿಲ್ದಾಣಕ್ಕೂ ಒಂದು ಸಂಗೀತ ಮಾಡಿದ!

ಇನ್ನು ಚಂದ್ರಲೋಕದ ಕತೆ. ಅಮೆರಿಕದ ಟೆಕ್ಸಾಸಿನ ಆಲ್ ರೈನರ್ಟ್ ಎಂಬ ಪತ್ರಕರ್ತನಿಗೆ ಹುಚ್ಚು ಹಿಡಿಯಿತು. ಚಂದ್ರಯಾತ್ರಿಗಳು ತೆಗೆದ ಫಿಲ್ಮೆಲ್ಲ ನಾಸಾ ಸಂಸ್ಥೆಯ ಉಗ್ರಾಣದಲ್ಲಿ ಬಿದ್ದಿದೆ, ಅದನ್ನು ಜೋಡಿಸಿ ಒಂದು ಚಿತ್ರ ಮಾಡಬೇಕು ಅಂತ. ಎಷ್ಟು ಫಿಲ್ಮು ಅಂತೀರಿ? ಸುಮಾರು 60 ಲಕ್ಷ ಅಡಿ! ಇದನ್ನು ನಮ್ಮಪ್ಪನಿಗೆ ಹೇಳಿದಾಗ ಅವರು ಬೆರಳಲ್ಲಿ ಎಣಿಸಿ ಅಂದರು: “ಎರಡೂಮುಕ್ಕಾಲು ಗಂಟೆ ಪಿಕ್ಚರ್ ಒಂದಕ್ಕೆ ಹದಿನೈದು ಸಾವಿರ ಅಡಿ ಅಂತ ಹಿಡಿ. ನಾನೂರು ಪಿಕ್ಚರ್ ಆಯ್ತಲ್ಲೋ! ಅಷ್ಟು ಡಬ್ಬ ಎತ್ತಿ ಇಳಿಸಿದೋನು ಯಾರು?” ಅಪ್ಪನ ಚಿಂತೆ ಯಾವಾಗಲೂ ಡಬ್ಬ ಎತ್ತುವವನ ಬಗ್ಗೆಯೇ.

ಅಪೋಲೋ ಯಾತ್ರೆಗಳಲ್ಲಿ ಚಂದ್ರನತ್ತ ಹೋಗಿಬಂದವರು 24 ಮಂದಿ, ಅದರಲ್ಲಿ ಕಾಲಿಟ್ಟವರು 12 ಮಂದಿ. ರೈನರ್ಟ್ ಎಲ್ಲ ಯಾತ್ರೆಗಳನ್ನೂ ಬೆಸೆದು ಒಂದೇ ಯಾತ್ರೆಯಂತೆ ತೋರಿಸಿದ. ಸಂಗೀತಕ್ಕೆ ಕರೆದದ್ದು ಈನೋನನ್ನು. 1969ರಲ್ಲಿ ಟೀವಿಯಲ್ಲಿ ಚಂದ್ರಸ್ಪರ್ಶ ನೋಡಿದಾಗ ಈನೋಗೆ ಬೇಸರವಾಗಿತ್ತಂತೆ. ಅಷ್ಟು ದೊಡ್ಡ ಸಂಗತಿ ವ್ಯಾಖ್ಯಾನಕಾರರ ಗದ್ದಲದಲ್ಲಿ ಮುಳುಗಿಹೋಯಿತಲ್ಲಾ ಅಂತ. ಆದ್ದರಿಂದ ಈ ಸಲ ತಮ್ಮ ರೋಜರ್ ಈನೋನನ್ನೂ ಕೆನಡಾದ ಡೇನಿಯಲ್ ಲಾನ್ವಾನನ್ನೂ ಸೇರಿಸಿಕೊಂಡು, ಲಾನ್ವಾನ ಸ್ಟುಡಿಯೋದಲ್ಲಿ, ಗದ್ದಲವೇ ಇಲ್ಲದ ಸಂಗೀತ ಮಾಡಿದ. ರೆಕಾರ್ಡು 1983ರಲ್ಲೇ ಬಂತು. ಚಿತ್ರ ಮಾತ್ರ ತಿದ್ದಿ ತೀಡಿ ‘ಫಾರ್ ಆಲ್ ಮ್ಯಾನ್‌ಕೈಂಡ್’ ಎಂಬ ಹೆಸರಿನಲ್ಲಿ ತೆರೆಕಂಡದ್ದು 1989ರಲ್ಲಿ. ಆಸ್ಕರ್‌ಗೂ ನಾಮಕರಣವಾಗಿತ್ತು.

ಮಜಾ ಇರೋದು ಗಿಟಾರಿನಲ್ಲಿ. ಯಂತ್ರದ ಸ್ವರಗಳ ನಡುವೆ ಇದ್ದಕ್ಕಿದ್ದಂತೆ ಅಮೆರಿಕದ ಹಳ್ಳಿಗಾಡಿನ ಪೆಡಲ್ ಸ್ಟೀಲ್ ಗಿಟಾರ್! ಮೇಜಿನ ಹಾಗೆ ಅಡ್ಡ ಇಟ್ಟುಕೊಂಡು, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸುತ್ತಾ, ಕಾಲಲ್ಲಿ ಪೆಡಲ್ ಒತ್ತಿ ನುಡಿಸುವ ವಾದ್ಯ. ಲಾನ್ವಾ ಅದರಲ್ಲಿ ನುರಿತವನು. ಚಂದ್ರನಿಗೂ ದನ ಕಾಯುವವರ ಹಾಡಿಗೂ ಏನು ಸಂಬಂಧ? ಇದೆ. ಗಗನಯಾತ್ರಿಗಳು ಪುಟ್ಟ ಕ್ಯಾಸೆಟ್ ರೆಕಾರ್ಡರ್ ಕೊಂಡೊಯ್ಯುತ್ತಿದ್ದರು, ಅವರಲ್ಲಿ ಹೆಚ್ಚಿನವರು ಒಯ್ದದ್ದು ಕಂಟ್ರಿ ಹಾಡುಗಳ ಕ್ಯಾಸೆಟ್ಟನ್ನು ಅಂತ ಈನೋಗೆ ತಿಳಿದಿತ್ತು. ಸರಿ, ಆ ಗಿಟಾರನ್ನೇ ಭಾರವಿಲ್ಲದ ಲೋಕಕ್ಕೆ ಕಳಿಸಿಬಿಟ್ಟ.

ಇಷ್ಟೂ ಬರೆದದ್ದು ಪಾಂಡಿತ್ಯ ಪ್ರದರ್ಶನಕ್ಕಲ್ಲ, ಮಿತ್ರರೇ. ನಮ್ಮಪ್ಪನ ವಿಷಯ ಹೇಳಬೇಕಾಗಿತ್ತು.

ಅಪ್ಪ ಆಪರೇಟರ್. ಮೊದಲು ಟೆಂಟಿನಲ್ಲಿ, ಆಮೇಲೆ ತಾಲ್ಲೂಕು ಕೇಂದ್ರದ ಒಂದು ಟಾಕೀಸಿನಲ್ಲಿ. ಟೆಂಟಿನಲ್ಲಿ ‘ನಮೋ ವೆಂಕಟೇಶ’ ಹಾಕಿದರೆ ಟಿಕೆಟ್ ಶುರು ಅಂತ ಸುತ್ತಲ ಹಳ್ಳಿಗೆಲ್ಲ ಗೊತ್ತಾಗುತ್ತಿತ್ತು. ಆ ರೆಕಾರ್ಡಿನ ಮೇಲೆ ಮುಳ್ಳು ಇಡುತ್ತಿದ್ದದ್ದು ಅಪ್ಪನ ಕೈ. ಆಮೇಲೆ ಮೂವತ್ತು ಚಿಲ್ಲರೆ ವರ್ಷ ಸಣ್ಣ ಕ್ಯಾಬಿನ್ನಿನಲ್ಲಿ, ಕಾರ್ಬನ್ ಕಡ್ಡಿಯ ಕಾವಿನಲ್ಲಿ, ಎರಡು ಪ್ರೊಜೆಕ್ಟರುಗಳ ಕಟಕಟ ಸದ್ದಿನ ನಡುವೆ ದಿನಕ್ಕೆ ನಾಲ್ಕು ಆಟ. ಅಣ್ಣಾವ್ರ ಚಿತ್ರದ ಯಾವ ರೀಲಿನಲ್ಲಿ ಯಾವ ಹಾಡು, ಎಷ್ಟನೇ ನಿಮಿಷಕ್ಕೆ ಶಿಳ್ಳೆ ಬೀಳುತ್ತೆ ಅನ್ನೋದೆಲ್ಲ ಬಾಯಿಪಾಠ. 2020ರ ಲಾಕ್‌ಡೌನಿನಲ್ಲಿ ಬಾಗಿಲು ಹಾಕಿದ ಟಾಕೀಸು ಮತ್ತೆ ತೆಗೆಯಲಿಲ್ಲ.

ಅದಕ್ಕಿಂತ ಮೊದಲೇ ಕಿವಿ ಹೋಗುತ್ತಾ ಬಂದಿತ್ತು. ಕಿವಿ ಡಾಕ್ಟರು ಗ್ರಾಫ್ ತೆಗೆದು ತೋರಿಸಿದರು. ವಯಸ್ಸು ಮತ್ತು ಸದ್ದು ಎರಡೂ ಮೊದಲು ತಿನ್ನೋದು ಎತ್ತರದ ಸ್ವರಗಳನ್ನಂತೆ. ಸ, ಶ, ತ, ಫ ಇಂಥ ಅಕ್ಷರಗಳು ಮಾಯವಾಗುತ್ತವೆ. ದನಿ ಕೇಳುತ್ತೆ, ಮಾತು ತಿಳಿಯೋದಿಲ್ಲ. ಇನ್ನೊಂದು ಅನ್ಯಾಯ ಅಂದರೆ, ಮೆಲ್ಲಗಿನದು ಕೇಳಿಸದ ಅದೇ ಕಿವಿಗೆ ಸ್ವಲ್ಪ ಜೋರಾದದ್ದು ಚಾಟಿಯಂತೆ ಬಡಿಯುತ್ತೆ. ಕಿವಿಯಂತ್ರ ಹಾಕಿಸಿದೆವು. ಅದನ್ನು ತಯಾರಿಸೋದು ಮಾತಿಗಾಗಿ, ಸಂಗೀತಕ್ಕಲ್ಲ. ಅದರಲ್ಲಿ ಪಿಟೀಲು ಅಂದರೆ ತಗಡು ಕೆರೆದಂತೆ.

ಒಂದು ದಿನ ಅಪ್ಪನಿಗೆ ಪ್ರಾಣವಾಗಿದ್ದ ರಾಜನ್-ನಾಗೇಂದ್ರ ಅವರ ಹಾಡೊಂದನ್ನು ಮೊಬೈಲಿನಲ್ಲಿ ಹಾಕಿದೆ. ಅರ್ಧ ನಿಮಿಷ ಕೇಳಿ “ಆಫ್ ಮಾಡು ಮಗಾ” ಅಂದರು. “ಇದು ಆ ಹಾಡಲ್ಲ.” ಅದೇ ಹಾಡು ಅಂತ ವಾದಿಸಲು ನನಗೆ ಬಾಯಿ ಬರಲಿಲ್ಲ. ಅಂದಿನಿಂದ ಮನೆಯಲ್ಲಿ ಹಾಡು ನಿಂತಿತು. ಎಲೆಕ್ಷನ್ ಮೈಕಿನ ಸದ್ದು ಬಂದರೂ ಅವರು ಕಿಟಕಿ ಹಾಕುತ್ತಿದ್ದರು. ರಾತ್ರಿ ಸೆಕೆಂಡ್ ಷೋ ಬಿಡುವ ಹೊತ್ತಿನವರೆಗೆ ನಿದ್ದೆಯಿಲ್ಲ. ಹಾಸಿಗೆಯ ಮೇಲೆ ಎದ್ದು ಕೂತು ಗೋಡೆ ನೋಡುತ್ತಿದ್ದರು. ಜೀವನವೆಲ್ಲ ಹಾಡು ಹಂಚಿದ ಮನುಷ್ಯನಿಗೆ ಒಂದು ಹಾಡೂ ಉಳಿಯಲಿಲ್ಲವಲ್ಲ ಅನ್ನೋ ಸಂಕಟ ನನಗೆ.

ಅಂಥ ಒಂದು ರಾತ್ರಿ ನಾನು ನನ್ನ ಪಾಡಿಗೆ ‘ಅಪೋಲೋ’ ಹಾಕಿಕೊಂಡು ಲೆಕ್ಕ ಬರೆಯುತ್ತಿದ್ದೆ. ಹಳೇ ಮರದ ಡಬ್ಬದ ಸ್ಪೀಕರು, ಅಪ್ಪನೇ ರಿಪೇರಿ ಮಾಡಿದ್ದು. ಕಿವಿಯಂತ್ರ ಬಿಚ್ಚಿಟ್ಟಿದ್ದ ಅಪ್ಪ ಎದ್ದು ಬಂದು ಸ್ಪೀಕರಿನ ಮೇಲೆ ಅಂಗೈ ಇಟ್ಟರು.

“ಏನೋ ಇದು?”

“ಮ್ಯೂಸಿಕ್ಕು ಅಪ್ಪ.”

“ಹಾಡೋರು ಯಾರು?”

“ಯಾರೂ ಇಲ್ಲ.”

ಅಲ್ಲೇ ನೆಲದ ಮೇಲೆ ಕೂತರು. ದೀರ್ಘ ಸ್ವರಗಳು, ನಿಧಾನ, ಥಟ್ಟನೆ ಏರುವುದಿಲ್ಲ, ಥಟ್ಟನೆ ಬಡಿಯುವುದಿಲ್ಲ. ಕಳೆದುಹೋಗಲು ಸಾಹಿತ್ಯವೇ ಇಲ್ಲ. ತಗ್ಗಿನ ಸ್ವರವಾದ್ದರಿಂದ ಬಹುಪಾಲು ಅವರ ಕಿವಿಗೆ ಎಟುಕುತ್ತಿತ್ತು, ಮಿಕ್ಕದ್ದು ಅಂಗೈಗೆ. ‘ಡೀಪ್ ಬ್ಲೂ ಡೇ’ ಬಂದಾಗ ಮುಖ ಅರಳಿತು ನೋಡಿ! “ಲೋ, ಇದು ಹವಾಯಿಯನ್ ಗಿಟಾರ್ ಕಣೋ! ಇಂಟರ್‌ವಲ್‌ನಲ್ಲಿ ಹಾಕ್ತಿದ್ವಲ್ಲ!” ಹೌದು, ಸಿನಿಮಾ ಹಾಡುಗಳನ್ನು ಹವಾಯಿಯನ್ ಗಿಟಾರಿನಲ್ಲಿ ನುಡಿಸಿದ ರೆಕಾರ್ಡುಗಳು ಆ ಕಾಲದಲ್ಲಿ ಮನೆಮಾತು. ಪೆಡಲ್ ಸ್ಟೀಲ್ ಅದರದೇ ವಂಶದ ಕುಡಿ. ಅಪ್ಪ ಹೇಳಿದ್ದು ಸರಿಯಾಗೇ ಇತ್ತು.

ಇದು ಶ್ರೇಷ್ಠ, ನಮ್ಮದು ಕನಿಷ್ಠ ಅಂತ ಹೇಳೋಕೆ ನಾನು ಹೊರಟಿಲ್ಲ. ನಿಜ ಹೇಳಬೇಕೆಂದರೆ ಹನ್ನೆರಡು ತುಣುಕಿನಲ್ಲಿ ಎರಡು ಮೂರು ನನಗೆ ಇವತ್ತಿಗೂ ಬರೀ ಗುಡುಗುಡು. ‘ಮಟ್ಟಾ’ ಅಂತ ಒಂದಿದೆ, ಕೆಟ್ಟ ಜನರೇಟರ್ ಪಕ್ಕ ಕೂತಂತೆ. ಅಪ್ಪನಿಗೆ ಅದೇ ಇಷ್ಟ! 2019ರಲ್ಲಿ ಚಂದ್ರಸ್ಪರ್ಶಕ್ಕೆ 50 ವರ್ಷವಾದಾಗ ಅದೇ ಮೂವರು ಸೇರಿ ಇನ್ನೂ 11 ತುಣುಕು ಮಾಡಿ ಹೊಸ ಆವೃತ್ತಿ ತಂದಿದ್ದಾರೆ. ಅದನ್ನೂ ಹಾಕಿದೆ. “ಚೆನ್ನಾಗಿದೆ, ಆದ್ರೆ ಫಸ್ಟ್ ಪಾರ್ಟ್ ಥರ ಇಲ್ಲ” ಅಂದರು, ಥೇಟ್ ಗಾಂಧಿನಗರದ ವಿತರಕರ ಹಾಗೆ.

2023ರ ಆಗಸ್ಟ್ 23ರ ಸಂಜೆ ನೆನಪಿದೆಯಲ್ಲ? ನಮ್ಮ ಚಂದ್ರಯಾನ-3 ಇಳಿಯುವ ಹೊತ್ತು. ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ವಿಜ್ಞಾನಿಗಳು ಉಸಿರು ಬಿಗಿಹಿಡಿದು ಕೂತಿದ್ದಾರೆ, ಟೀವಿಯಲ್ಲಿ ನಿರೂಪಕರು ಗಂಟಲು ಹರಿಯುವಂತೆ ಕೂಗುತ್ತಿದ್ದಾರೆ. ಅಪ್ಪ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ಎದ್ದು ಹೊರಟೇಹೋಗುತ್ತಾರೇನೋ ಅಂದುಕೊಂಡೆ. ಹೋಗಲಿಲ್ಲ. ರಿಮೋಟ್ ತೆಗೆದುಕೊಂಡು ಟೀವಿಯ ದನಿ ಪೂರ್ತಿ ಆರಿಸಿ, ನನ್ನ ಕಡೆ ತಿರುಗಿ, “ಆ ಚಂದ್ರನ ಪಿಕ್ಚರ್‌ದು ಹಾಕು” ಅಂದರು. ಕ್ಯಾಬಿನ್ನಿನಲ್ಲಿ ಹುಡುಗರಿಗೆ ಆರ್ಡರ್ ಮಾಡುತ್ತಿದ್ದ ಅದೇ ಗತ್ತು!

ಐದನೆಯದನ್ನು ಹಾಕಿದೆ. ತೆರೆಯ ಮೇಲೆ ಅಂಕಿಗಳು ಇಳಿಯುತ್ತಿವೆ, ಇತ್ತ ‘ಆನ್ ಎಂಡಿಂಗ್’ ಏಳುತ್ತಿದೆ. 6 ಗಂಟೆ 4 ನಿಮಿಷಕ್ಕೆ ವಿಕ್ರಮ್ ನೆಲ ಮುಟ್ಟಿತು. ಟೀವಿಯಲ್ಲಿ ಸದ್ದಿಲ್ಲದೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಬೀದಿಯಲ್ಲಿ ಪಟಾಕಿ ಹೊಡೆದರು. ಅಪ್ಪನ ಅಂಗೈ ಸ್ಪೀಕರಿನ ಮೇಲಿತ್ತು. ಕಣ್ಣು ತೆರೆಯ ಮೇಲೆ.

“ಈಗ ಗಿಟಾರಿಂದು ಹಾಕು.”

ಒಂಬತ್ತನೆಯದನ್ನು ಹಾಕಿದೆ. ಅಡುಗೆಮನೆಯಿಂದ ಅಮ್ಮ “ಕಾಫಿ ಆರಿಹೋಗುತ್ತೆ, ಏಳ್ರೀ” ಅಂತ ಎರಡು ಸಲ ಕೂಗಿದರು. ಅಪ್ಪನಿಗೆ ಕೇಳಿಸಲಿಲ್ಲ. ಮೂರನೇ ಸಲ ಅಮ್ಮ ಲೋಟ ತಂದು ಪಕ್ಕದಲ್ಲೇ ಇಟ್ಟು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ತಾವೂ ಕೂತರು.