ಕೂಡಿದ ಜೋಡಿ ಬಿಡಿಸಿದ್ದು

ಡೊಂಬಿವಲಿಯ ನಮ್ಮ ಕಾಕಾನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಕಾಕು ತನ್ನ ಕಿಡ್ನಿ ಕೊಡಲು ಮೊದಲ ದಿನವೇ ತಯಾರಿದ್ದಳು. ಆದರೆ ಕಾಕಾನ ರಕ್ತ ಎ ಗುಂಪು, ಕಾಕುದು ಬಿ. ಡಾಕ್ಟರು ‘ಸ್ವಾಪ್’ ಅಂದರು: ಇದೇ ತೊಂದರೆ ತಿರುವುಮುರುವಾಗಿರುವ ಇನ್ನೊಂದು ಮನೆ ಸಿಕ್ಕರೆ ಕಾಕುವಿನ ಕಿಡ್ನಿ ಅವರಿಗೆ, ಅವರದು ನಮಗೆ. 2011ರ ಕಾನೂನು ತಿದ್ದುಪಡಿ ಹತ್ತಿರದ ಸಂಬಂಧಿಕರಿಗೆ ಈ ದಾರಿ ತೆರೆದಿದೆ.

ಲೋಕಲ್‌ನಲ್ಲಿ ನಿಂತು ಮನೆಗೆ ಬರುವಾಗ ಎಂ.ಟೆಕ್‌ನಲ್ಲಿ ಓದಿದ ‘ಮ್ಯಾಚಿಂಗ್’ ನೆನಪಾಯಿತು. ಪ್ರತಿ ಮನೆಯೂ ಒಂದು ಚುಕ್ಕೆ. ಪರಸ್ಪರ ಹೊಂದುವ ಮನೆಗಳ ನಡುವೆ ಗೆರೆ. ಒಂದು ಚುಕ್ಕೆಗೆ ಒಂದೇ ಜೋಡಿ. ಆದಷ್ಟು ಹೆಚ್ಚು ಜೋಡಿ ಕೂಡಿಸಬೇಕು. ಮದುವೆಯಲ್ಲಾದರೆ ಗಂಡಿನ ಕಡೆ, ಹೆಣ್ಣಿನ ಕಡೆ ಎಂದು ಎರಡು ಪಕ್ಷ, ಲೆಕ್ಕ ಸುಲಭ. ಇಲ್ಲಿ ಪ್ರತಿ ಮನೆಯೂ ಕೊಡುವ ಮನೆ, ಬೇಡುವ ಮನೆ ಎರಡೂ ಹೌದು.

ಸಿಕ್ಕವರನ್ನು ಸಿಕ್ಕಂತೆ ಕೂಡಿಸಿದರೆ ಕೆಲವರು ಒಂಟಿಯಾಗಿ ಉಳಿಯುತ್ತಾರೆ. ಒಂಟಿ ಚುಕ್ಕೆಯಿಂದ ಹೊರಟು, ಜೋಡಿಯಾಗದ ಗೆರೆ, ಜೋಡಿಯಾದ ಗೆರೆ ಎಂದು ಸರದಿಯಂತೆ ನಡೆದು ಇನ್ನೊಂದು ಒಂಟಿ ಚುಕ್ಕೆ ಮುಟ್ಟಿದರೆ, ದಾರಿಯುದ್ದಕ್ಕೂ ಅದಲುಬದಲು ಮಾಡಿ ಒಂದು ಜೋಡಿ ಹೆಚ್ಚಿಸಬಹುದು. ಆದರೆ ಮೂರು, ಐದು ಚುಕ್ಕೆಗಳ ಬೆಸ ಸುತ್ತು ಎದುರಾದರೆ ಈ ನಡಿಗೆ ದಾರಿ ತಪ್ಪುತ್ತದೆ. 1965ರಲ್ಲಿ ಜಾಕ್ ಎಡ್ಮಂಡ್ಸ್ ಉಪಾಯ ಕಂಡರು: ಆ ಸುತ್ತನ್ನು ಒಂದೇ ಚುಕ್ಕೆಯಾಗಿ ಮುದುಡಿಸಿ ಮುಂದೆ ಹೋಗು, ದಾರಿ ಸಿಕ್ಕ ಮೇಲೆ ಬಿಡಿಸು. ಆ ಸುತ್ತಿಗೆ ಅವರು ‘ಹೂವು’ ಎಂದು ಹೆಸರಿಟ್ಟರು. 1980ರಲ್ಲಿ ಸಿಲ್ವಿಯೊ ಮಿಕಾಲಿ, ವಿಜಯ್ ವಜೀರಾನಿ ಇನ್ನೂ ವೇಗದ ವಿಧಾನ ಕೊಟ್ಟರು. 2005ರಲ್ಲಿ ಆಲ್ವಿನ್ ರಾಥ್ ಮತ್ತು ಸಂಗಡಿಗರು ಇದೇ ಲೆಕ್ಕವನ್ನು ಕಿಡ್ನಿ ವಿನಿಮಯಕ್ಕೆ ಹೊಂದಿಸಿದರು.

ನಮಗೆ ಕಲ್ಯಾಣದ ಒಂದು ಮನೆ ಹೊಂದಿತು. ವಾರದೊಳಗೆ ಕೋ-ಆರ್ಡಿನೇಟರ್ ಫೋನ್: ಮತ್ತೆರಡು ಮನೆಯವರು ಬಂದಿದ್ದಾರೆ. ರಕ್ತದ ಗುಂಪು ಕೂಡಿದರೂ ಕ್ರಾಸ್‌ಮ್ಯಾಚ್‌ನಲ್ಲಿ ಅವರಿಬ್ಬರಿಗೆ ಹೊಂದುತ್ತಿಲ್ಲ. ಒಂದು ಮನೆ ಕಲ್ಯಾಣದವರಿಗೆ ಆಗುತ್ತದೆ, ಇನ್ನೊಂದು ನಿಮಗೆ. ಈಗಿನ ಜೋಡಿ ಬಿಟ್ಟರೆ ಇಬ್ಬರ ಬದಲು ನಾಲ್ವರಿಗೆ ಕಿಡ್ನಿ. ಬಲವಂತವಿಲ್ಲ. ಒಪ್ಪಿದರೆ ಪರೀಕ್ಷೆ, ಕಮಿಟಿ ಎಲ್ಲ ಮೊದಲಿನಿಂದ.

ಕಾಗದದ ಮೇಲೆ ಎಷ್ಟೋ ಸಲ ಇಂಥ ಜೋಡಿ ಬಿಡಿಸಿದ್ದ ನನಗೆ ಅವತ್ತು ‘ಬೇಡ’ ಅಂತಲೇ ಅನಿಸಿತು. ಹಾಗೇ ಹೇಳಿದೆ ಕೂಡ. ಕಾಕು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮಗ ತಡಾ ಆಗತದ, ಅಷ್ಟ. ಅವರಿಗೆ ಇಲ್ಲಾ ಅಂದ್ರ ಅವರು ಎಲ್ಲಿಗೆ ಹೋಗಬೇಕಪಾ?” ಅಂದಳು. ಕಾಕಾ ಹೂಂ ಅಂದ. ಕಲ್ಯಾಣದವರೂ ಒಪ್ಪಿದರು.

ಏಳು ವಾರ ತಡವಾಯಿತು. ಆ ಏಳು ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಈಗ ಕಾಕಾ ಬೆಳಿಗ್ಗೆ ತಾನೇ ಹೋಗಿ ಹಾಲು ತರುತ್ತಾನೆ. ಕೈಬಿಟ್ಟ ಆ ಕಲ್ಯಾಣದ ಮನೆಯವರು ಈಗ ಗಣಪತಿ ಹಬ್ಬಕ್ಕೆ ನಮ್ಮನೆಗೆ ಬರುತ್ತಾರೆ.